ಲ್ಯಾಂಡ್‌ಸ್ಕೇಪ್ ಕ್ಲೈಂಟ್ ನೋಂದಣಿ: ನಾನು ಮಾಡುವ ಕ್ರಮ

ಉಬುಂಟು ಕಂಪ್ಯೂಟರುಗಳನ್ನು ದೂರದಿಂದ ನೋಡಿಕೊಳ್ಳಲು ನಾನು ಬಳಸುವುದು ಕೆನಾನಿಕಲ್‌ನ ಲ್ಯಾಂಡ್‌ಸ್ಕೇಪ್, ಅದೂ ಸ್ವಂತ ಸರ್ವರಿನಲ್ಲಿ ಕೂರಿಸಿದ್ದು. ಪ್ರತಿ ಕಂಪ್ಯೂಟರಿನಲ್ಲೂ ಅದರ ಕ್ಲೈಂಟ್, ಅಂದರೆ ಸರ್ವರಿನೊಡನೆ ಮಾತಾಡುವ ಪ್ರೋಗ್ರಾಂ, ಇರಬೇಕು. ಅದನ್ನು ಹಾಕಲು ಒಂದು ಕಮಾಂಡ್, ಕಂಪ್ಯೂಟರನ್ನು ಸರ್ವರಿನಲ್ಲಿ ನೋಂದಾಯಿಸಲು ಇನ್ನೊಂದು. ನೋಂದಣಿ ಕೆಟ್ಟಾಗ ತಪ್ಪು ಈ ಎರಡು ಕಮಾಂಡುಗಳದ್ದಾಗಿರುವುದು ಕಡಿಮೆ. ಹೆಸರು, ಗಡಿಯಾರ, ಸರ್ಟಿಫಿಕೇಟ್ (ಸರ್ವರ್ ತಾನು ಯಾರೆಂದು ತೋರಿಸುವ ಡಿಜಿಟಲ್ ಪತ್ರ) ಇವುಗಳಲ್ಲಿ ಒಂದು ಮೊದಲೇ ಸರಿಯಿರದೆ ಕೆಡುವುದೇ ಹೆಚ್ಚು. ಹಾಗಾಗಿ ಕಮಾಂಡಿಗೆ ಮುಂಚಿನ ಕೆಲಸಕ್ಕೆ ನಾನು ಹೆಚ್ಚು ಹೊತ್ತು ಕೊಡುತ್ತೇನೆ.

ಕ್ಲೈಂಟ್ ಮಾತಾಡುವ ಬಗೆ ಗೊತ್ತಿದ್ದರೆ ಅರ್ಧ ತೊಂದರೆ ತಾನಾಗಿ ಅರ್ಥವಾಗುತ್ತದೆ. ಪ್ರತಿ ಸಲವೂ ಸಂಪರ್ಕ ಶುರುಮಾಡುವುದು ಕ್ಲೈಂಟೇ. ಸರ್ವರ್ ತಾನಾಗಿ ಅದರ ಬಾಗಿಲು ತಟ್ಟುವುದಿಲ್ಲ. ಆದ್ದರಿಂದ ಕ್ಲೈಂಟಿನ ಫೈರ್‌ವಾಲಿನಲ್ಲಿ ಒಳಬರುವ ಯಾವ ಪೋರ್ಟನ್ನೂ ತೆರೆಯಬೇಕಿಲ್ಲ. ಹೊರಹೋಗುವ ದಾರಿ ಎರಡು. ಸಾಮಾನ್ಯವಾಗಿ 80ನೇ ಪೋರ್ಟಿನಲ್ಲಿ 30 ಸೆಕೆಂಡಿಗೊಮ್ಮೆ ಚಿಕ್ಕದೊಂದು ಪಿಂಗ್ ಹೋಗುತ್ತದೆ: ‘ನನಗೇನಾದರೂ ಕೆಲಸ ಇದೆಯೇ?’ ಎಂದು ಕೇಳುವುದಷ್ಟೇ ಅದರ ಉದ್ದೇಶ. ನಿಜವಾದ ಮಾಹಿತಿ ವಿನಿಮಯ 443ನೇ ಪೋರ್ಟಿನಲ್ಲಿ, ಗೂಢಲಿಪಿಯಲ್ಲಿ, 900 ಸೆಕೆಂಡಿಗೊಮ್ಮೆ ನಡೆಯುತ್ತದೆ. ಕೆಲಸ ಇದೆ ಎಂದು ಪಿಂಗಿಗೆ ಉತ್ತರ ಬಂದರೆ ಕ್ಲೈಂಟ್ ಆ 900 ಸೆಕೆಂಡು ಕಾಯದೆ ಬೇಗ ಹೋಗಿ ತರುತ್ತದೆ.

ಇದರಿಂದ ಸಿಗುವ ಸುಳಿವು ನನಗೆ ತುಂಬ ಉಪಯೋಗಕ್ಕೆ ಬಂದಿದೆ. ನೋಂದಣಿ ಆಗಿದೆ, ಮಾಹಿತಿಯೂ ಬರುತ್ತಿದೆ, ಆದರೆ ಕೊಟ್ಟ ಕೆಲಸ ಮಾತ್ರ ಹತ್ತು ಹದಿನೈದು ನಿಮಿಷ ತಡವಾಗಿ ಶುರುವಾಗುತ್ತಿದೆ ಎಂದರೆ ನಾನು ಮೊದಲು ನೋಡುವುದು ಪಿಂಗ್ ವಿಳಾಸವನ್ನು. ವಿಳಾಸ ತಪ್ಪಾಗಿರುತ್ತದೆ, ಇಲ್ಲವೇ ನಡುವಿನ ಫೈರ್‌ವಾಲ್ 443 ಬಿಟ್ಟು 80 ತಡೆದಿರುತ್ತದೆ.

ಈಗ ಮೊದಲ ತಯಾರಿ. ಹೋಸ್ಟ್‌ನೇಮ್, ಅಂದರೆ ನೆಟ್‌ವರ್ಕಿನಲ್ಲಿ ಕಂಪ್ಯೂಟರಿನ ಹೆಸರು, ಅಂತಿಮವಾಗಿ ಏನಿರಬೇಕೋ ಅದನ್ನು ಮೊದಲೇ ಇಡುತ್ತೇನೆ. ಪಟ್ಟಿಯಲ್ಲಿ ‘ಉಬುಂಟು’ ಎಂಬ ಹೆಸರಿನ ಹತ್ತು ಕಂಪ್ಯೂಟರು ಬಂದರೆ ಯಾವುದನ್ನು ಒಪ್ಪಿಕೊಳ್ಳಬೇಕೆಂದೇ ತಿಳಿಯದು. ಕಂಪ್ಯೂಟರ್ ಶೀರ್ಷಿಕೆಯಾಗಿಯೂ ಅದೇ ಹೆಸರನ್ನು ಕೊಡುತ್ತೇನೆ. ಆಮೇಲೆ ‘ಟೈಮ್‌ಡೇಟ್‌ಸಿಟಿಎಲ್’ ಓಡಿಸಿ ಗಡಿಯಾರ ಹೊಂದಿಕೆಯಾಗಿದೆಯೇ ನೋಡುತ್ತೇನೆ. ಮದರ್‌ಬೋರ್ಡಿನ ಬ್ಯಾಟರಿ ಸತ್ತ ಹಳೆಯ ಯಂತ್ರ ತಾನಿನ್ನೂ ಹಿಂದಿನ ಯಾವುದೋ ವರ್ಷದಲ್ಲಿದ್ದೇನೆ ಎಂದುಕೊಂಡಿದ್ದರೆ, ಅದರ ಕಣ್ಣಿಗೆ ಸರ್ವರಿನ ಸರ್ಟಿಫಿಕೇಟ್ ಇನ್ನೂ ಜಾರಿಗೇ ಬಂದಿರುವುದಿಲ್ಲ.

ಸರ್ಟಿಫಿಕೇಟಿನದು ಬೇರೆಯೇ ಅಧ್ಯಾಯ. ಸರ್ವರಿಗೆ ನಾವೇ ಸಹಿ ಹಾಕಿದ ಸರ್ಟಿಫಿಕೇಟ್ ಇದ್ದರೆ ಅದರ ಪ್ರತಿಯನ್ನು ಕ್ಲೈಂಟಿನ /ಇಟಿಸಿ/ಲ್ಯಾಂಡ್‌ಸ್ಕೇಪ್ ಫೋಲ್ಡರಿಗೆ ಹಾಕಿ, ‘ಎಸ್ಎಸ್ಎಲ್ ಪಬ್ಲಿಕ್ ಕೀ’ ಎಂಬ ಆಯ್ಕೆಯಲ್ಲಿ ಆ ಕಡತದ ಪೂರ್ಣ ದಾರಿ ಬರೆಯಬೇಕು. ಇಲ್ಲಿ ಎರಡು ಕಡೆ ಎಡವುತ್ತಾರೆ. ಒಂದು, ಸರ್ಟಿಫಿಕೇಟಿನಲ್ಲಿರುವ ಹೆಸರೂ ಸಂರಚನೆಯಲ್ಲಿ ಬರೆದ ಸರ್ವರಿನ ಹೆಸರೂ ಒಂದೇ ಆಗಿರಬೇಕು. ಹೆಸರಿನ ಬದಲು ಐಪಿ ವಿಳಾಸ ಬರೆದರೆ ಪರಿಶೀಲನೆ ಸೋಲುತ್ತದೆ. ಇನ್ನೊಂದು, ಸರ್ವರಿನೊಡನೆ ಮಾತಾಡುವ ಬ್ರೋಕರ್ ಪ್ರಕ್ರಿಯೆ ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಆಗಿ ಓಡುವುದಿಲ್ಲ, ‘ಲ್ಯಾಂಡ್‌ಸ್ಕೇಪ್’ ಎಂಬ ಬಳಕೆದಾರನಾಗಿ ಓಡುತ್ತದೆ. ರೂಟ್ ಖಾತೆಯಲ್ಲಿ ನಕಲಿಸಿದ ಕಡತಕ್ಕೆ 600 ಅನುಮತಿ (ಒಡೆಯ ಮಾತ್ರ ಓದಬಲ್ಲ) ಇದ್ದರೆ ಬ್ರೋಕರಿಗೆ ಅದನ್ನು ಓದಲಾಗದು. ಸರ್ಟಿಫಿಕೇಟ್ ಗುಟ್ಟಿನದಲ್ಲ, ಎಲ್ಲರೂ ಓದಬಲ್ಲ 644 ಕೊಟ್ಟರೆ ಅಡ್ಡಿಯಿಲ್ಲ. ಬ್ರೋಕರ್ ಲಾಗಿನಲ್ಲಿ ಪೈಕರ್ಲ್ (ಕ್ಲೈಂಟ್ ಸಂಪರ್ಕಕ್ಕೆ ಬಳಸುವ ಲೈಬ್ರರಿ) ದೋಷ 60 ಎಂದು ಕಂಡರೆ ಸರ್ಟಿಫಿಕೇಟಿನ ಮೇಲೆ ನಂಬಿಕೆ ಕೂಡಿಬಂದಿಲ್ಲ ಎಂದೇ ಅರ್ಥ.

ಇಷ್ಟಾದ ಮೇಲೆ ‘ಲ್ಯಾಂಡ್‌ಸ್ಕೇಪ್-ಕ್ಲೈಂಟ್’ ಪ್ಯಾಕೇಜನ್ನು ಆಪ್ಟ್ ಮೂಲಕ ಹಾಕಿ ‘ಲ್ಯಾಂಡ್‌ಸ್ಕೇಪ್-ಕಾನ್ಫಿಗ್’ ಓಡಿಸುವುದು. ಕೊಡಬೇಕಾದದ್ದು ಐದು: ಕಂಪ್ಯೂಟರಿನ ಶೀರ್ಷಿಕೆ, ಖಾತೆಯ ಹೆಸರು, ಸಂದೇಶ ವಿಳಾಸ, ಪಿಂಗ್ ವಿಳಾಸ, ನೋಂದಣಿ ಕೀಲಿ (ಸರ್ವರಿನಲ್ಲಿ ಇಟ್ಟ ಗುಟ್ಟಿನ ಪದ). ಸ್ವಂತ ಸರ್ವರ್ ಆದರೆ ಖಾತೆಯ ಹೆಸರು ‘ಸ್ಟ್ಯಾಂಡ್‌ಅಲೋನ್’. ಸಂದೇಶ ವಿಳಾಸ ‘ಮೆಸೇಜ್-ಸಿಸ್ಟಮ್’ ಎಂದು ಕೊನೆಯಾಗಬೇಕು, ಪಿಂಗ್ ವಿಳಾಸ ‘ಪಿಂಗ್’ ಎಂದು. ಮೊದಲನೆಯದು ಎಚ್‌ಟಿಟಿಪಿಎಸ್, ಎರಡನೆಯದು ಬರೀ ಎಚ್‌ಟಿಟಿಪಿ.

ನೋಂದಣಿ ಕೀಲಿಯನ್ನು ಕಮಾಂಡಿನ ಸಾಲಿನಲ್ಲಿ ನಾನು ಬರೆಯುವುದಿಲ್ಲ. ಬರೆದರೆ ಅದು ಶೆಲ್ ಇತಿಹಾಸದಲ್ಲಿ, ಅಂದರೆ ಹಿಂದೆ ಓಡಿಸಿದ ಕಮಾಂಡುಗಳ ಪಟ್ಟಿಯಲ್ಲಿ, ಉಳಿಯುತ್ತದೆ. ಎಲ್ಲ ಆಯ್ಕೆಗಳನ್ನೂ ‘ಕ್ಲೈಂಟ್.ಕಾನ್ಫ್’ ಕಡತಕ್ಕೆ ಮೊದಲೇ ಬರೆದಿಟ್ಟು, ಆ ಕಡತವನ್ನು ಬೇರೆಯವರು ಓದದಂತೆ ಮಾಡಿ, ಲ್ಯಾಂಡ್‌ಸ್ಕೇಪ್-ಕಾನ್ಫಿಗ್ ಅನ್ನು ಪ್ರಶ್ನೆ ಕೇಳದ ‘ಸೈಲೆಂಟ್’ ಆಯ್ಕೆಯೊಂದಿಗೆ ಓಡಿಸುತ್ತೇನೆ. ಹೆಚ್ಚು ಯಂತ್ರಗಳಿದ್ದಾಗ ಇದೇ ಸುಲಭ, ಬದಲಾಗುವುದು ಶೀರ್ಷಿಕೆ ಮಾತ್ರ. ಕಮಾಂಡಿನಲ್ಲಿ ಆಯ್ಕೆಯ ಪದಗಳ ನಡುವೆ ಹೈಫನ್ ಬರುತ್ತದೆ, ಕಡತದಲ್ಲಿ ಅಂಡರ್‌ಸ್ಕೋರ್. ಒಂದನ್ನು ನೋಡಿ ಇನ್ನೊಂದಕ್ಕೆ ನಕಲು ಮಾಡುವಾಗ ಇದನ್ನು ಮರೆಯಬೇಡಿ.

ಹೊರಹೋಗಲು ಪ್ರಾಕ್ಸಿ (ನಡುವಿನ ಸರ್ವರ್) ಬೇಕಿದ್ದರೆ ಅದನ್ನೂ ಅದೇ ಕಡತದಲ್ಲಿ ಬರೆಯಿರಿ. ನಿಮ್ಮ ಶೆಲ್‌ನಲ್ಲಿ ಇಟ್ಟ ಪ್ರಾಕ್ಸಿ ಹಿನ್ನೆಲೆಯಲ್ಲಿ ಓಡುವ ಸೇವೆಗೆ ತಿಳಿಯುವುದಿಲ್ಲ, ಸುಡೊ ಬಳಸಿದಾಗ ಅದು ಸಾಮಾನ್ಯವಾಗಿ ದಾಟಿಯೂ ಬರುವುದಿಲ್ಲ. ಬ್ರೌಸರಿನಲ್ಲಿ ಸರ್ವರ್ ಪುಟ ತೆರೆಯುತ್ತದೆ, ಕ್ಲೈಂಟ್ ಮಾತ್ರ ತಲುಪುತ್ತಿಲ್ಲ ಎನ್ನುವವರಿಗೆ ನಾನು ಮೊದಲು ಕೇಳುವ ಪ್ರಶ್ನೆ ಇದೇ.

ಕೋರಿಕೆ ಹೋಯಿತು ಎಂಬ ಸಂದೇಶ ಬಂದರೆ ನೋಂದಣಿ ಮುಗಿದಂತಲ್ಲ. ತಾನಾಗಿ ಒಪ್ಪಿಕೊಳ್ಳುವ ವ್ಯವಸ್ಥೆ ಇಟ್ಟಿರದಿದ್ದರೆ ಕಂಪ್ಯೂಟರು ಸರ್ವರಿನ ಬಾಕಿ ಪಟ್ಟಿಯಲ್ಲಿ ಕಾಯುತ್ತಿರುತ್ತದೆ; ಅಲ್ಲಿ ಹೆಸರು ನೋಡಿ, ಗುಂಪು ಮತ್ತು ಟ್ಯಾಗ್ ಕೊಟ್ಟು ಒಪ್ಪಿಕೊಳ್ಳಬೇಕು. ಬಾಕಿ ಪಟ್ಟಿಯಲ್ಲಿ ಗುರುತಿಲ್ಲದ ಹೆಸರು ಬಂದರೆ ಯಂತ್ರ ಯಾರದೆಂದು ಖಚಿತವಾಗುವವರೆಗೆ ನಾನು ಮುಟ್ಟುವುದಿಲ್ಲ. ಒಪ್ಪಿಕೊಂಡ ಮೇಲೆ ಕ್ಲೈಂಟಿನಲ್ಲಿ ‘ಈಸ್-ರಿಜಿಸ್ಟರ್ಡ್’ ಆಯ್ಕೆಯೊಂದಿಗೆ ಮತ್ತೊಮ್ಮೆ ಕೇಳಿ ನೋಡುತ್ತೇನೆ.

ಇನ್ನು ಡಿಸ್ಕ್ ಇಮೇಜ್ (ಇಡೀ ಡಿಸ್ಕಿನ ಪ್ರತಿ) ನಕಲಿಸಿ ಹತ್ತಾರು ಕಂಪ್ಯೂಟರು ತಯಾರಿಸುವವರಿಗೆ ಒಂದು ಮಾತು. ನೋಂದಣಿಯಾದ ಯಂತ್ರದಿಂದ ಇಮೇಜ್ ತೆಗೆಯಬೇಡಿ. ಕ್ಲೈಂಟಿನ ಗುರುತು /ವಾರ್/ಲಿಬ್/ಲ್ಯಾಂಡ್‌ಸ್ಕೇಪ್/ಕ್ಲೈಂಟ್ ಒಳಗಿನ ‘ಬ್ರೋಕರ್.ಬಿಪಿಕಲ್’ ಕಡತದಲ್ಲಿರುತ್ತದೆ. ಅದು ನಕಲಾದರೆ ಎರಡು ಯಂತ್ರಗಳು ಒಂದೇ ಗುರುತಿನಲ್ಲಿ ಮಾತಾಡತೊಡಗುತ್ತವೆ. ಇಮೇಜಿನಲ್ಲಿ ಪ್ಯಾಕೇಜ್ ಮಾತ್ರ ಇರಲಿ, ನೋಂದಣಿ ಪ್ರತಿ ಯಂತ್ರದ ಮೊದಲ ಬೂಟಿನ ನಂತರ ಆಗಲಿ. ಅದರ ಜೊತೆಗೆ ಇಮೇಜಿನಲ್ಲಿ ಯಂತ್ರದ ಗುರುತಿರುವ /ಇಟಿಸಿ/ಮೆಷೀನ್-ಐಡಿ ಕಡತವನ್ನೂ ಖಾಲಿ ಮಾಡಿ. ಅಳಿಸುವುದು ಬೇಡ, ಶೂನ್ಯ ಬೈಟಿಗೆ ಇಳಿಸಿ. ಮೊದಲ ಬೂಟಿನಲ್ಲಿ ಸಿಸ್ಟಮ್‌ಡಿ (ಉಬುಂಟುವಿನ ಸೇವೆಗಳನ್ನು ಶುರುಮಾಡುವ ವ್ಯವಸ್ಥೆ) ಹೊಸದನ್ನು ತುಂಬುತ್ತದೆ. ಇಲ್ಲದಿದ್ದರೆ ನೆಟ್‌ವರ್ಕ್ ನೋಡಿಕೊಳ್ಳಲು ಸಿಸ್ಟಮ್‌ಡಿಯ ನೆಟ್‌ವರ್ಕ್‌ಡಿ ಬಳಸುವ ಯಂತ್ರಗಳು, ಐಪಿ ಹಂಚುವ ಡಿಎಚ್‌ಸಿಪಿಗೂ ಒಂದೇ ಗುರುತು ಹೇಳಿ, ಒಂದೇ ಐಪಿಗೆ ಕಿತ್ತಾಡುತ್ತವೆ.

ದೂರದಿಂದ ಸ್ಕ್ರಿಪ್ಟ್ ಓಡಿಸುವ ಸೌಲಭ್ಯ ಮೊದಲಿಗೆ ಮುಚ್ಚಿರುತ್ತದೆ. ಬೇಕೆಂದರೆ ‘ಸ್ಕ್ರಿಪ್ಟ್‌ಎಕ್ಸಿಕ್ಯೂಷನ್’ ಪ್ಲಗಿನ್ ಸೇರಿಸಿ, ಯಾವ ಬಳಕೆದಾರರ ಹೆಸರಿನಲ್ಲಿ ಓಡಬಹುದೆಂದು ಹೇಳಬೇಕು. ಹೇಳದಿದ್ದರೆ ಹೆಚ್ಚಿನ ಅಧಿಕಾರವಿಲ್ಲದ ‘ನೋಬಡಿ’ ಒಬ್ಬನಿಗೇ ಅವಕಾಶ. ಎಲ್ಲ ಯಂತ್ರಗಳಿಗೂ ರೂಟ್ ಬರೆದುಬಿಡುವುದು ಸಲೀಸು, ಆದರೆ ಆಗ ಸರ್ವರಿನ ಒಂದು ಪಾಸ್‌ವರ್ಡ್ ಸೋರಿದರೆ ಎಲ್ಲ ಯಂತ್ರಗಳ ರೂಟೂ ಸೋರಿದಂತೆ. ನಿಜವಾಗಿ ಬೇಕಿರುವ ಗುಂಪಿಗಷ್ಟೇ ನಾನು ಅದನ್ನು ತೆರೆಯುತ್ತೇನೆ.

ಯಂತ್ರವನ್ನು ಕೈಬಿಡುವಾಗ ಮೊದಲು ಅದರಿಂದ ಪ್ಯಾಕೇಜನ್ನು ಸಂರಚನೆ ಸಮೇತ ತೆಗೆದು, ಆಮೇಲೆ ಸರ್ವರಿನ ಪಟ್ಟಿಯಿಂದ ಅಳಿಸುತ್ತೇನೆ. ಪಟ್ಟಿಯಿಂದ ಮಾತ್ರ ಅಳಿಸಿದರೆ ಕ್ಲೈಂಟ್ ತನ್ನ ಗುರುತು ಮಾನ್ಯವಲ್ಲವೆಂದು ತಿಳಿದ ಕೂಡಲೇ, ಕಡತದಲ್ಲಿ ಉಳಿದ ಕೀಲಿಯಿಂದ ಮತ್ತೆ ನೋಂದಣಿ ಕೋರಿ ಬಾಕಿ ಪಟ್ಟಿಗೆ ಬಂದು ಕೂರುತ್ತದೆ.