ಹಾರಿಸಿದ್ದು ಇಳಿಯಬೇಕಲ್ಲ!

ರಾಕೆಟ್ ಹಾರಿಸಬೇಕೆಂದಿರುವ ಭಾನುವಾರ ಬೆಳಿಗ್ಗೆ ನಾನು ಮೊದಲು ತಾರಸಿ ಹತ್ತಿ ಗುಡ್ಡದ ಮೇಲಿನ ಗಾಳಿಯಂತ್ರಗಳ ಕಡೆ ನೋಡುತ್ತೇನೆ. ರೆಕ್ಕೆಗಳು ಬಿರುಸಾಗಿ ತಿರುಗುತ್ತಿದ್ದರೆ ಅಂದಿಗೆ ರಜೆ. ಆಷಾಢದಲ್ಲಂತೂ ಚಿತ್ರದುರ್ಗದ ಗಾಳಿಯ ಜೊತೆ ಯಾರೂ ಜಿದ್ದಿಗೆ ಬೀಳಬಾರದು.

ನನ್ನದು ನೀರಿನ ರಾಕೆಟ್. ಹೊರದೇಶಗಳಲ್ಲಿ ಹವ್ಯಾಸಿಗಳಿಗೆಂದೇ ಕಾರ್ಖಾನೆಯಲ್ಲಿ ಮದ್ದು ತುಂಬಿದ ಪುಟ್ಟ ಮೋಟಾರು ಸಿಗುತ್ತದೆ; ನಮ್ಮಲ್ಲಿ ಅದು ಸುಲಭದ ಮಾತಲ್ಲ. ಹಾಗೆಂದು ಪಟಾಕಿ ಬಿಚ್ಚಿ ಮದ್ದು ಸುರಿದುಕೊಂಡು ಕೂತರೆ ಬೆರಳೂ ಹೋಗುತ್ತದೆ, ಪೊಲೀಸರೂ ಬರುತ್ತಾರೆ. ಹೈದರ್, ಟಿಪ್ಪು ಕಬ್ಬಿಣದ ಕೊಳವೆಗೆ ಮದ್ದು ತುಂಬಿದರು. ನನಗೆ 2 ಲೀಟರಿನ ತಂಪು ಪಾನೀಯದ ಬಾಟಲಿ ಸಾಕು. ಮೂರನೇ ಒಂದು ಪಾಲು ನೀರು, ಉಳಿದದ್ದಕ್ಕೆ ಸೈಕಲ್ ಪಂಪಿನ ಗಾಳಿ. ರೆಕ್ಕೆಗೆ ಚುನಾವಣೆ ಮುಗಿದ ಮೇಲೆ ಬೀದಿಯಲ್ಲಿ ಉಳಿಯುವ ಪ್ಲಾಸ್ಟಿಕ್ ಫಲಕ, ಮೂತಿಗೆ ಒಂದಿಷ್ಟು ಜೇಡಿಮಣ್ಣು. ಖಾಲಿ ರಾಕೆಟ್ಟಿಗೆ ತೂಕ ಸಮನಾಗುವ ಜಾಗದಲ್ಲಿ ದಾರ ಕಟ್ಟಿ ತಲೆಯ ಸುತ್ತ ಬೀಸುತ್ತೇನೆ. ಮೂತಿ ಮುಂದಾಗಿ ಸುತ್ತಿದರೆ ನೆಟ್ಟಗೆ ಹಾರುತ್ತದೆ, ಇಲ್ಲದಿದ್ದರೆ ಇನ್ನಷ್ಟು ಮಣ್ಣು.

ತಲೆಕೆಳಗಾಗಿ ನಿಲ್ಲಿಸಿದ ಬಾಟಲಿಯನ್ನು ಹಿಡಿದಿಟ್ಟ ಕೊಂಡಿಯ ಹಗ್ಗ ಎಳೆದ ಕೂಡಲೇ ಬುಸ್ಸೆಂದು ನೀರು ಚಿಮ್ಮುತ್ತದೆ, ಬಾಟಲಿ ಒಳಗೆ ಮಂಜು ತುಂಬಿಕೊಂಡು ಬಿಳಿಚುಕ್ಕೆಯಾಗಿ ಏರುತ್ತದೆ. ಒತ್ತಿಟ್ಟ ಗಾಳಿ ಒಮ್ಮೆಲೇ ಹಿಗ್ಗಿ ತಣ್ಣಗಾಗುವುದರಿಂದ ಆ ಮಂಜು. 50 ಮೀಟರ್ ದೂರದಲ್ಲಿ ಅಕ್ಕನ ಮಗ ಕೋನಮಾಪಕ ಹಿಡಿದು ನಿಂತಿರುತ್ತಾನೆ. ಅಲ್ಲಿಂದ 45 ಡಿಗ್ರಿ ಕಂಡರೆ ಎತ್ತರವೂ 50 ಮೀಟರ್. ನಮ್ಮ ದಾಖಲೆ 42 ಡಿಗ್ರಿ. ಉಳಿದ 3 ಡಿಗ್ರಿಯ ಆಸೆಗೇ ಅನಾಹುತವಾದದ್ದು.

"ಮಾಮ, ಇನ್ನೊಂದು ಹತ್ತು ಸಲ ಒತ್ತಲೇ?" ಎಂದ. ಬಾಟಲಿಯೊಳಗಿನ ಒತ್ತಡ 60 ಪಿಎಸ್‌ಐ (ಟೈರಿನ ಗಾಳಿ ಅಳೆಯುವ ಮಾನ) ದಾಟಬಾರದೆಂಬುದು ನಾನೇ ಹಾಕಿದ್ದ ನಿಯಮ. ಹೂಂ ಎಂದೆ. ಕಲ್ಲುನೆಲಕ್ಕೆ ಬಿದ್ದೂ ಬಿದ್ದೂ ಗೀರಿದ್ದ ಬಾಟಲಿ 75ರ ಹತ್ತಿರ ಸಿಡಿಯಿತು. ಚೂರೊಂದು ನನ್ನ ಮೊಣಕಾಲಿಗೆ ಬಡಿಯಿತು, ಸಂಜೆಯವರೆಗೆ ಕಿವಿ ಗುಂಯ್‌ಗುಡುತ್ತಿತ್ತು. ಹುಡುಗನ ಕಣ್ಣಿಗೆ ಬಡಿದಿದ್ದರೆ ಅಕ್ಕನಿಗೆ ಹೇಗೆ ಮುಖ ತೋರಿಸುತ್ತಿದ್ದೆ? ಈಗ 8 ಮೀಟರ್ ಕೊಳವೆ ಜೋಡಿಸಿ, ಕನ್ನಡಕ ಹಾಕಿಕೊಂಡು, ಬದುವಿನ ಹಿಂದೆ ಕೂತು ಪಂಪ್ ಒತ್ತುತ್ತೇವೆ. ಹೊಸ ಬಾಟಲಿಯನ್ನು ಮೊದಲು ಕಂಠಮಟ್ಟ ನೀರು ತುಂಬಿ ಒತ್ತಡ ಕೊಟ್ಟು ನೋಡುತ್ತೇವೆ. ನೀರು ಗಾಳಿಯಂತೆ ಕುಗ್ಗುವುದಿಲ್ಲವಾದ್ದರಿಂದ ಬಾಟಲಿ ಬಿರಿದರೂ ಸ್ಫೋಟದ ಆರ್ಭಟ ಇರುವುದಿಲ್ಲ. ಹತ್ತು ಹಾರಾಟಕ್ಕೆ ಅದು ಗುಜರಿಗೆ.

ಇಳಿಯುವುದು ಇನ್ನೂ ದೊಡ್ಡ ತಂಟೆ. ರಾಕೆಟ್ ಏರುವಾಗ ಗಾಳಿಗೆ ಮುಖ ಮಾಡುತ್ತದೆ. ಪ್ಯಾರಾಚೂಟ್ ಬಿಚ್ಚಿದರೆ ಗಾಳಿಯೊಡನೆ ಹಿಂದಕ್ಕೆ ತೇಲಿ ಬರುತ್ತದೆ, ಬಿಚ್ಚದಿದ್ದರೆ ಅತ್ತಲೇ ಈಟಿಯಂತೆ ಬೀಳುತ್ತದೆ. ಇಸ್ರೋ ಕೂಡ 2023, 2024ರಲ್ಲಿ ನಮ್ಮ ಚಳ್ಳಕೆರೆಯ ಬಳಿ ರೆಕ್ಕೆಯ ನೌಕೆಯನ್ನು ಹೆಲಿಕಾಪ್ಟರಿನಿಂದ ಬಿಟ್ಟು ಬರೀ ಇಳಿಯುವುದನ್ನೇ ಪರೀಕ್ಷಿಸಿತಲ್ಲ! ಒಮ್ಮೆ ನಮ್ಮದು ಪಕ್ಕದ ಶೇಂಗಾ ಹೊಲದ ಬದುವಿನಲ್ಲಿ ಮೇಯುತ್ತಿದ್ದ ಎತ್ತಿನ ಮುಂದೆಯೇ ನೆಟ್ಟುಕೊಂಡಿತು. ಎತ್ತು ಹಗ್ಗ ಕಿತ್ತು ಓಡಿತು. ಅದನ್ನು ಹಿಡಿದು ತಂದ ಅಜ್ಜ ಬೈಯಲಿಲ್ಲ. "ಮೇಷ್ಟ್ರೇ, ಶೇಂಗಾ ಕಿತ್ತ ಮೇಲೆ ಬನ್ನಿ, ಹೊಲ ಪೂರ್ತಿ ನಿಮ್ಮದೇ" ಎಂದರು.

ಹುಡುಗ ಈಗ ವಾರಕ್ಕೊಮ್ಮೆ ಹೋಗಿ ಗಿಡ ಎಷ್ಟು ಬಲಿತಿದೆ ಎಂದು ನೋಡಿ ಬರುತ್ತಾನೆ.