ಗೇಟ್ ಮೂರು ಸಲ ಬರೆದರೂ ಅಂಕ ಏರಲಿಲ್ವಾ? ಮೊದಲು ಹಳೇ ರೆಸ್ಪಾನ್ಸ್ ಶೀಟ್ ತೆಗೀರಿ

ನಮ್ಮ ಚಿಕ್ಕಪ್ಪನ ಮಗ ಗೇಟ್ ಪರೀಕ್ಷೆ, ಅಂದರೆ ಎಂಜಿನಿಯರಿಂಗ್ ಓದಿದವರು ಎಂ.ಟೆಕ್ ಸೇರೋಕೆ ಬರೆಯುವ ಪರೀಕ್ಷೆ, ಮೂರು ಸಲ ಬರೆದ. ಮೆಕ್ಯಾನಿಕಲ್ ಪೇಪರು. ಮೊದಲ ಸಲ 27, ಎರಡನೇ ಸಲ 31, ಮೂರನೇ ಸಲ 30. ಎಲ್ಲವೂ ನೂರಕ್ಕೆ. ಮೂರನೇ ಫಲಿತಾಂಶ ಬಂದ ವಾರ ರಾಣೆಬೆನ್ನೂರಿನಿಂದ ನಮ್ಮನೆಗೆ ಬಂದ. ಚಹಾ ಲೋಟ ಕೆಳಗಿಡುವ ಮೊದಲೇ ಹೇಳಿದ, "ಅಣ್ಣ, ಓದಿದ್ದು ಸಾಲಲಿಲ್ಲ ಅನ್ಸುತ್ತೆ. ಈ ಸಲ ಕೆಲಸ ಬಿಟ್ಟು ಬೆಂಗಳೂರಲ್ಲಿ ಕೋಚಿಂಗ್ ಸೇರ್ತೀನಿ."

ನಾನೂ ಹಿಂದೆ ಇದನ್ನೇ ಮಾಡಿದ್ದೆ. ಒಂದು ಸಲ ಕಡಿಮೆ ಬಂತು ಅಂತ ಕೋಚಿಂಗ್‌ಗೆ ದುಡ್ಡು ಕಟ್ಟಿ, ಅಲ್ಲಿ ಥರ್ಮೊಡೈನಮಿಕ್ಸ್‌ನ ಮೊದಲ ಪಾಠದಿಂದ, ಸಿಸ್ಟಮ್ ಅಂದರೇನು ಬೌಂಡರಿ ಅಂದರೇನು ಅಂತ ಹೊಸ ನೋಟ್‌ಬುಕ್ಕಿನಲ್ಲಿ ಚೆಂದಾಗಿ ಬರೆದುಕೊಂಡು, ಗೊತ್ತಿದ್ದದ್ದನ್ನೇ ಇನ್ನೊಂದು ಸಲ ಕೇಳಿಸಿಕೊಂಡು ಬಂದೆ. ಏರಿದ್ದು ಎರಡೇ ಅಂಕ. ತಪ್ಪು ಪಾಠ ಹೇಳಿದವರದಲ್ಲ. ನಾನು ಎಲ್ಲಿ ಸೋತೆ ಅಂತ ಅವರಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಅದಕ್ಕೇ ಅವನಿಗೆ ಒಂದೇ ಪ್ರಶ್ನೆ ಕೇಳಿದೆ. "ರೆಸ್ಪಾನ್ಸ್ ಶೀಟ್ ಇಟ್ಕೊಂಡಿದ್ದೀಯಾ?"

"ಅದನ್ನ ಯಾರು ಇಟ್ಕೊಳ್ತಾರಣ್ಣ? ಫಲಿತಾಂಶ ಬಂತಲ್ಲ."

ಎಲ್ಲರೂ ಹೇಳೋದು ಹೀಗೇ. ಪರೀಕ್ಷೆ ಮುಗಿದ ಮೇಲೆ ಗೇಟ್‌ನವರು ಪ್ರಶ್ನೆಪತ್ರಿಕೆ, ಕೀ ಉತ್ತರ, ನೀವು ಒತ್ತಿದ ಉತ್ತರಗಳ ಪೂರ್ತಿ ಪಟ್ಟಿ ಅಂದರೆ ರೆಸ್ಪಾನ್ಸ್ ಶೀಟ್, ಈ ಮೂರನ್ನೂ ಕೊಡುತ್ತಾರೆ. ಇಷ್ಟು ಒಳ್ಳೆಯ ದಾಖಲೆಯನ್ನು ಕೈಗೆ ಕೊಡದ ಪರೀಕ್ಷೆಗಳೂ ಇವೆ. ನಾವು ಅದನ್ನು ಒಂದು ಸಲ ಕೂಡಿಸಿ, ಎಷ್ಟು ಬರಬಹುದು ಅಂತ ನೋಡಿ, ಮುಚ್ಚಿಬಿಡುತ್ತೇವೆ. ಆಮೇಲೆ ಪೋರ್ಟಲ್ ಮುಚ್ಚುತ್ತದೆ. ಹಾಗಾಗಿ ಮೊದಲ ಕೆಲಸ ಇದು. ಶೀಟ್ ಬಂದ ದಿನವೇ ಇಳಿಸಿಕೊಳ್ಳಿ, ನಿಮ್ಮ ಮೇಲ್‌ಗೆ ನೀವೇ ಕಳಿಸಿಕೊಳ್ಳಿ. ಈಗಾಗಲೇ ಕಳೆದುಹೋಗಿದ್ದರೆ ಆ ವರ್ಷದ ಪೇಪರನ್ನು ಇಳಿಸಿಕೊಂಡು, ಮೂರು ಗಂಟೆ ಗಡಿಯಾರ ಇಟ್ಟು ಮತ್ತೆ ಬರೆಯಿರಿ. ನೀವು ಮಾಡೋ ತಪ್ಪುಗಳು ಅಷ್ಟು ಬೇಗ ಬದಲಾಗಿರೋದಿಲ್ಲ, ಅರ್ಧಕ್ಕರ್ಧ ಮತ್ತೆ ಅಲ್ಲೇ ಬಂದು ಕೂತಿರುತ್ತವೆ.

ಮೂರು ಬಣ್ಣದ ಪೆನ್ನು

ಹೊಸಬರಿಗೆ ಎರಡು ಮಾತು. ಗೇಟ್‌ನಲ್ಲಿ 65 ಪ್ರಶ್ನೆ, 100 ಅಂಕ, 3 ಗಂಟೆ. ನಾಲ್ಕರಲ್ಲಿ ಒಂದು ಆರಿಸುವ ಎಂಸಿಕ್ಯೂ ತಪ್ಪಾದರೆ ಒಂದಂಕದ್ದಕ್ಕೆ ಮೂರನೇ ಒಂದು, ಎರಡಂಕದ್ದಕ್ಕೆ ಮೂರನೇ ಎರಡು ಅಂಕ ಹೋಗುತ್ತದೆ. ಸಂಖ್ಯೆ ತುಂಬುವ ನ್ಯಾಟ್ ಮತ್ತು ಒಂದಕ್ಕಿಂತ ಜಾಸ್ತಿ ಸರಿಯುತ್ತರ ಇರಬಹುದಾದ ಎಂಎಸ್‌ಕ್ಯೂಗೆ ನೆಗೆಟಿವ್ ಇಲ್ಲ. ಎಂಎಸ್‌ಕ್ಯೂನಲ್ಲಿ ಅರ್ಧ ಸರಿ ಇದ್ದರೆ ಅರ್ಧ ಅಂಕವೂ ಇಲ್ಲ.

ಈಗ ಶೀಟ್ ಹರಡಿಕೊಂಡು ಕೂತುಕೊಳ್ಳಿ. ತಪ್ಪಾದ ಒಂದೊಂದು ಪ್ರಶ್ನೆಯನ್ನೂ ಕೀ ಉತ್ತರ ನೋಡದೆ ಮತ್ತೆ ಬಿಡಿಸಿ. ಮನೆಯಲ್ಲಿ, ಆರಾಮಾಗಿ. ಪುಸ್ತಕ ಮುಟ್ಟದೆ ಸರಿಬಂದರೆ ಹಸಿರು. ಪುಸ್ತಕ ತೆಗೆದು ಸೂತ್ರ ನೋಡಿದ ಮೇಲೆ ಬಂದರೆ ನೀಲಿ. ಏನು ಕೇಳಿದ್ದಾರೆ ಅಂತಲೇ ಗೊತ್ತಾಗದಿದ್ದರೆ ಕೆಂಪು.

ಪೋರ್ಟಲ್ ಇನ್ನೂ ಮುಚ್ಚಿರಲಿಲ್ಲ, ನಮ್ಮ ಹುಡುಗನ ಮೂರನೇ ಸಲದ ಶೀಟ್ ಸಿಕ್ಕಿತು. ಅದು ಹೀಗಿತ್ತು. ತಪ್ಪಾದದ್ದು ಒಟ್ಟು 20. ಅದರಲ್ಲಿ 11 ಎಂಸಿಕ್ಯೂ, ಒಂದಂಕದ್ದು 4, ಎರಡಂಕದ್ದು 7. ಲೆಕ್ಕ ಹಾಕಿದರೆ ಸರಿಯಾಗಿ 6 ಅಂಕ ನೆಗೆಟಿವ್‌ನಲ್ಲಿ ಹೋಗಿದೆ. 36 ಗಳಿಸಿ 30ಕ್ಕೆ ಇಳಿದಿದ್ದಾನೆ. ಬಣ್ಣ ಹಾಕಿದಾಗ ಕೆಂಪು 8, ನೀಲಿ 5, ಹಸಿರು 7. ಆ ಏಳು ಹಸಿರಿನ ಬೆಲೆ 12 ಅಂಕ. ಅಂದರೆ ಬರುತ್ತಿದ್ದ ಲೆಕ್ಕವನ್ನೇ ಹಾಳು ಮಾಡಿಕೊಂಡು 12 ಬಿಟ್ಟು ಬಂದಿದ್ದ. ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದ, ಮಾತಾಡಲಿಲ್ಲ.

ಒಂದು ಮಾತು. ನಿಮ್ಮ ಶೀಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಂಪೇ ಇದ್ದರೆ ಈ ಲೇಖನ ನಿಮಗೆ ಅಷ್ಟು ಉಪಯೋಗ ಇಲ್ಲ. ನೀವು ನಿಜಕ್ಕೂ ಪಾಠ ಓದಬೇಕು. ಎನ್‌ಪಿಟಿಇಎಲ್ ಅನ್ನೋ ಆನ್‌ಲೈನ್ ಪಾಠಗಳ ತಾಣದಲ್ಲಿ ಐಐಟಿ, ಐಐಎಸ್‌ಸಿ ಮೇಷ್ಟ್ರುಗಳ ಪಾಠ ಬಿಟ್ಟಿ ಸಿಗುತ್ತದೆ, ಅದು ಸಾಲದಿದ್ದರೆ ಕೋಚಿಂಗ್ ಸೇರಿ, ತಪ್ಪೇನಿಲ್ಲ. ಆದರೆ ಎರಡು ಮೂರು ಸಲ ಬರೆದವರಲ್ಲಿ ನಾನು ನೋಡಿದ ಮಟ್ಟಿಗೆ ಹಸಿರು ಮತ್ತು ನೀಲಿಯೇ ಜಾಸ್ತಿ.

ರಿಜೆಕ್ಷನ್ ರಿಜಿಸ್ಟರ್

ಅವನು ಹರಿಹರದ ಒಂದು ಫ್ಯಾಕ್ಟರಿಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದ. ದಿನವಿಡೀ ಪೀಸ್ ಅಳೆಯೋದು, ತಪ್ಪಿದ್ದನ್ನು ಪಕ್ಕಕ್ಕಿಡೋದು, ರಿಜಿಸ್ಟರ್‌ನಲ್ಲಿ ಬರೆಯೋದು. ನಾನು ಕೇಳಿದೆ, "ಅಲ್ಲೇನಂತ ಬರೀತೀಯ? ಪೀಸ್ ಕೆಟ್ಟಿದೆ ಅಂತನಾ?"

"ಹಂಗೆ ಬರೆದ್ರೆ ಸೂಪರ್‌ವೈಸರ್ ಬೈತಾನೆ. ಬೋರ್ ಓವರ್‌ಸೈಜ್, ಟೂಲ್ ಸವೆದಿದೆ, ಹೀಗೆ ಕಾರಣ ಬರೀಬೇಕು."

ಇಷ್ಟೇ ನೋಡಿ ವಿಷಯ. ಒಂದು ನೂರು ಪುಟದ ನೋಟ್‌ಬುಕ್ ತಗೊಳ್ಳಿ. ತಪ್ಪಾದ ಪ್ರಶ್ನೆಯ ಮುಂದೆ 'ಕೇರ್‌ಲೆಸ್ ಮಿಸ್ಟೇಕ್' ಅಂತ ಬರೆಯಬೇಡಿ, ಅದು 'ಪೀಸ್ ಕೆಟ್ಟಿದೆ' ಅಂದ ಹಾಗೆ. ಕೈ ಎಲ್ಲಿ ಜಾರಿತು ಅಂತ ಬರೆಯಿರಿ.

ಅವನದೇ ಒಂದು ಉದಾಹರಣೆ. ವೈಬ್ರೇಷನ್ಸ್ ಲೆಕ್ಕ. ಕಂಪನದ ಆಂಪ್ಲಿಟ್ಯೂಡ್ 3 ಸೈಕಲ್‌ಗಳಲ್ಲಿ 20 ಮಿ.ಮೀ.ಯಿಂದ 5 ಮಿ.ಮೀ.ಗೆ ಇಳಿಯುತ್ತದೆ, ಡ್ಯಾಂಪಿಂಗ್ ರೇಶಿಯೊ (ಕಂಪನ ಎಷ್ಟು ಬೇಗ ತಗ್ಗುತ್ತದೆ ಅನ್ನೋ ಅಳತೆ) ಎಷ್ಟು ಅಂತ ಕೇಳಿದರೆ, ಮೊದಲು 4ರ ನ್ಯಾಚುರಲ್ ಲಾಗ್ ತೆಗೆದು 3ರಿಂದ ಭಾಗಿಸಬೇಕು. 0.462 ಬರುತ್ತದೆ. ಅಲ್ಲಿಂದ ಡ್ಯಾಂಪಿಂಗ್ ರೇಶಿಯೊ 0.073, ಎರಡು ದಶಮಾಂಶಕ್ಕೆ 0.07. ಇವನಿಗೆ ಬಂದಿದ್ದು 0.03. ವಿಧಾನ ಸರಿ, ಸೂತ್ರ ಸರಿ. ಮನೆಯಲ್ಲಿ ತನ್ನ ಕೈಯಲ್ಲಿರುವ ಕ್ಯಾಲ್ಕುಲೇಟರ್‌ನಲ್ಲೇ ಸರಿಯುತ್ತರ ಬರುತ್ತಿತ್ತು. ಪರೀಕ್ಷೆಯಲ್ಲಿ ತೆರೆ ಮೇಲೆ ಕೊಡುವ ವರ್ಚುವಲ್ ಕ್ಯಾಲ್ಕುಲೇಟರ್‌ನಲ್ಲಿ ನ್ಯಾಚುರಲ್ ಲಾಗ್‌ನ ಎಲ್‌ಎನ್ ಬಟನ್ ಬದಲು ಲಾಗ್ ಒತ್ತಿದ್ದ. ಅದು ಹತ್ತರ ಲಾಗ್. ಎರಡಂಕ ಹೋಯಿತು.

ರಿಜಿಸ್ಟರ್‌ನಲ್ಲಿ ಬರೆದದ್ದು: "ಎಲ್‌ಎನ್ ಬದಲು ಲಾಗ್. ವರ್ಚುವಲ್ ಕ್ಯಾಲ್ಕುಲೇಟರ್ ಅಭ್ಯಾಸ ಇಲ್ಲ." ಅದರ ಕೆಳಗೆ ಇನ್ನೊಂದು ತಪ್ಪಿಗೂ ಅದೇ ಕಾರಣ ಬಂತು. ಡಿಗ್ರಿ, ರೇಡಿಯನ್ ಗುಂಡಿ ನೋಡಿರಲಿಲ್ಲ. ಸೈನ್ 0.5 ಅಂದರೆ ರೇಡಿಯನ್‌ನಲ್ಲಿ 0.479, ಡಿಗ್ರಿಯಲ್ಲಿ 0.0087. ಎಷ್ಟು ದೂರ ನೋಡಿ! ಹೀಗೆ ಏಳು ಹಸಿರಿನಲ್ಲಿ ಮೂರಕ್ಕೆ ಕಾರಣ ಕ್ಯಾಲ್ಕುಲೇಟರ್, ಎರಡಕ್ಕೆ ಯೂನಿಟ್ ಬದಲಾಯಿಸೋದು, ಎರಡಕ್ಕೆ ಪ್ರಶ್ನೆಯ ಕೊನೆಯ ಸಾಲನ್ನು ಓದದೇ ಇದ್ದದ್ದು. ವ್ಯಾಸ ಕೇಳಿದರೆ ತ್ರಿಜ್ಯ ಕೊಟ್ಟು ಬಂದಿದ್ದ.

ಮೂರೇ ಕಾರಣ. ಇದಕ್ಕೆ ಕೋಚಿಂಗ್ ಯಾಕೆ ಬೇಕು? ಆ ದಿನದಿಂದ ಕೈಯ ಕ್ಯಾಲ್ಕುಲೇಟರ್ ಅಲ್ಮೇರಾದಲ್ಲಿ ಇಟ್ಟ. ಅಭ್ಯಾಸವೆಲ್ಲ ತೆರೆ ಮೇಲಿನದರಲ್ಲೇ, ಮೌಸ್‌ನಲ್ಲೇ. ಮೊದಲ ವಾರ ತಲೆ ಕೆಟ್ಟು ಹೋಯಿತು ಅಂದ. ಎರಡನೇ ತಿಂಗಳಿಗೆ ಸರಿಹೋಯಿತು.

28 ಅಂಕ ಎಲ್ಲಿದೆ ಅಂತ ನೋಡಿ

ಇದು ರಿಪೀಟರ್‌ಗಳು ತಪ್ಪದೆ ಮಾಡುವ ಇನ್ನೊಂದು ಎಡವಟ್ಟು. ಮೆಕ್ಯಾನಿಕಲ್ ಪೇಪರಿನಲ್ಲಿ ಜನರಲ್ ಆಪ್ಟಿಟ್ಯೂಡ್‌ಗೆ 15 ಅಂಕ, ಎಂಜಿನಿಯರಿಂಗ್ ಮ್ಯಾಥಮ್ಯಾಟಿಕ್ಸ್‌ಗೆ 13. ಸಿವಿಲ್, ಎಲೆಕ್ಟ್ರಿಕಲ್, ಕಂಪ್ಯೂಟರ್ ಸೈನ್ಸ್‌ನವರಿಗೂ ಹೀಗೇ. ಒಟ್ಟು 28. ನಮ್ಮವನಿಗೆ ಆಪ್ಟಿಟ್ಯೂಡ್‌ನಲ್ಲಿ ಬಂದಿದ್ದು 6, ಗಣಿತದಲ್ಲಿ 4. ಮೂರು ವರ್ಷ ರಾತ್ರಿಯೆಲ್ಲ ಫ್ಲೂಯಿಡ್ ಮೆಕ್ಯಾನಿಕ್ಸ್ ತಿರುವಿ ಹಾಕಿದವನು ಇಲ್ಲಿ 18 ಅಂಕ ಬಿಟ್ಟಿದ್ದಾನೆ, ಅದೂ ಪ್ರತಿ ವರ್ಷ.

ಯಾಕೆ ಅಂದರೆ ಅವನು ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ಸೀದಾ ಎರಡನೇ ವರ್ಷಕ್ಕೆ ಬಂದವನು. ಮೊದಲ ವರ್ಷದ ಗಣಿತ ಅವನಿಗೆ ಸರಿಯಾಗಿ ಆಗಲೇ ಇಲ್ಲ. ಮ್ಯಾಟ್ರಿಕ್ಸ್ ಕಂಡರೆ ಪುಟ ತಿರುಗಿಸುತ್ತಿದ್ದ. ಆದರೆ ಗೇಟ್ ಕೇಳುವ ಗಣಿತ ಭಾರೀ ಏನಲ್ಲ. ಒಂದು 2×2 ಮ್ಯಾಟ್ರಿಕ್ಸ್, ಮೇಲಿನ ಸಾಲು 4, 1, ಕೆಳಗಿನ ಸಾಲು 2, 3. ಐಗನ್ ವ್ಯಾಲ್ಯೂ ಕೇಳಿದರೆ ದೊಡ್ಡ ಸಮೀಕರಣ ಬರೆಯುತ್ತಾ ಕೂರಬೇಕಿಲ್ಲ. ಕರ್ಣದ ಮೇಲಿನ ಎರಡು ಸಂಖ್ಯೆ ಕೂಡಿಸಿ, 7. ಡಿಟರ್ಮಿನಂಟ್ ತೆಗೆಯಿರಿ, 12ರಲ್ಲಿ 2 ಕಳೆದರೆ 10. ಕೂಡಿದರೆ 7, ಗುಣಿಸಿದರೆ 10 ಬರುವ ಎರಡು ಸಂಖ್ಯೆ ಯಾವುದು? 5 ಮತ್ತು 2. ಅರ್ಧ ನಿಮಿಷದ ಕೆಲಸ.

ಲೀನಿಯರ್ ಆಲ್ಜೀಬ್ರಾ, ಪ್ರಾಬೆಬಿಲಿಟಿ, ಡಿಫರೆನ್ಷಿಯಲ್ ಈಕ್ವೇಷನ್, ಕ್ಯಾಲ್ಕುಲಸ್, ಇದೇ ಕ್ರಮದಲ್ಲಿ ಹಿಡಿಯಿರಿ ಅಂತ ನನ್ನ ಸಲಹೆ, ಯಾಕಂದರೆ ಮೊದಲೆರಡು ಬೇಗ ಕೈಗೆ ಬರುತ್ತವೆ, ಧೈರ್ಯ ಬರುತ್ತದೆ. ಆಪ್ಟಿಟ್ಯೂಡ್‌ಗೆ ಯಾವ ದಪ್ಪ ಪುಸ್ತಕವೂ ಬೇಡ. ಈ ಭಾಗದ ಸ್ವರೂಪ ಎಲ್ಲ ಪೇಪರಿಗೂ ಒಂದೇ. ಹಾಗಾಗಿ ಸಿವಿಲ್, ಎಲೆಕ್ಟ್ರಾನಿಕ್ಸ್, ಕೆಮಿಕಲ್ ಯಾವುದೇ ಪೇಪರಿನ ಮೊದಲ ಹತ್ತು ಪ್ರಶ್ನೆ ತೆಗೆದುಕೊಂಡು ದಿನಕ್ಕೊಂದು ಸೆಟ್ ಮಾಡಬಹುದು. ಐದಾರು ವರ್ಷದ್ದು ಸೇರಿಸಿದರೆ ನೂರಾರು ಪ್ರಶ್ನೆ, ದುಡ್ಡಿಲ್ಲದೆ. ಇಂಗ್ಲಿಷ್ ಪ್ಯಾಸೇಜ್ ಕಂಡರೆ ಭಯ ಅನ್ನುವವರು ಪ್ಯಾಸೇಜ್‌ನಲ್ಲಿ ಇರೋದನ್ನು ಮಾತ್ರ ಒಪ್ಪಿಕೊಳ್ಳಿ, ನಿಮಗೆ ಗೊತ್ತಿರೋ ಲೋಕಜ್ಞಾನ ಸೇರಿಸಬೇಡಿ. ಅರ್ಧ ತಪ್ಪು ಅಲ್ಲೇ ನಿಲ್ಲುತ್ತದೆ.

ಗೆಸ್ ಮಾಡೋದಾ ಬೇಡ್ವಾ?

ಎಲ್ಲರೂ ಕೇಳೋ ಪ್ರಶ್ನೆ. ಲೆಕ್ಕ ಹಾಕೋಣ. ಒಂದಂಕದ ಎಂಸಿಕ್ಯೂನಲ್ಲಿ ಕಣ್ಣು ಮುಚ್ಚಿ ಒತ್ತಿದರೆ ನಾಲ್ಕು ಸಲದಲ್ಲಿ ಒಂದು ಸಲ 1 ಬರುತ್ತದೆ, ಮೂರು ಸಲ ಮೂರನೇ ಒಂದು ಹೋಗುತ್ತದೆ. ಸರಾಸರಿ ಸೊನ್ನೆ. ಲಾಭವೂ ಇಲ್ಲ, ನಷ್ಟವೂ ಇಲ್ಲ. ಎರಡು ಆಯ್ಕೆ ಖಂಡಿತ ಅಲ್ಲ ಅಂತ ಗೊತ್ತಿದ್ದು ಉಳಿದೆರಡರಲ್ಲಿ ಒಂದನ್ನು ಒತ್ತಿದರೆ ಸರಾಸರಿ ಮೂರನೇ ಒಂದು ಅಂಕ ಲಾಭ. ಅಲ್ಲಿ ಒತ್ತಬಹುದು. ನ್ಯಾಟ್, ಎಂಎಸ್‌ಕ್ಯೂ ಖಾಲಿ ಬಿಡೋದರಲ್ಲಿ ಅರ್ಥವೇ ಇಲ್ಲ.

ನಿಜವಾದ ಕಳ್ಳ ಗೆಸ್ ಅಲ್ಲ, ಸಮಯ. ಎಂಟು ಕೆಂಪು ಪ್ರಶ್ನೆಗೆ ಎಷ್ಟು ಹೊತ್ತು ಕೊಟ್ಟೆ ಅಂತ ಕೇಳಿದೆ. ಮೂರೋ ನಾಲ್ಕೋ ನಿಮಿಷ ಒಂದೊಂದಕ್ಕೆ ಅಂದ. ಅಲ್ಲಿಗೆ ಸುಮಾರು ಅರ್ಧ ಗಂಟೆ ಹೋಯಿತು. ಆ ಅರ್ಧ ಗಂಟೆ ಇಲ್ಲದ್ದಕ್ಕೇ ಕೊನೆಯಲ್ಲಿ ಓಡಿ, ವ್ಯಾಸ ತ್ರಿಜ್ಯ ಆದದ್ದು.

ಹಾಗಾಗಿ ಪೇಪರನ್ನು ಮೂರು ಸುತ್ತಿನಲ್ಲಿ ಮಾಡಿ. ಗೇಟ್‌ನಲ್ಲಿ ಆಪ್ಟಿಟ್ಯೂಡ್‌ನಿಂದ ವಿಷಯಕ್ಕೆ, ವಿಷಯದಿಂದ ಆಪ್ಟಿಟ್ಯೂಡ್‌ಗೆ ಯಾವಾಗ ಬೇಕಾದರೂ ಹೋಗಬಹುದು, ಆ ಅನುಕೂಲ ಬಳಸಿಕೊಳ್ಳಿ. ಮೊದಲ 70 ನಿಮಿಷದಲ್ಲಿ 65 ಪ್ರಶ್ನೆಯನ್ನೂ ಓದಿ, ಓದುತ್ತಿದ್ದಂತೆ ದಾರಿ ಕಂಡದ್ದನ್ನು ಮಾತ್ರ ಬಿಡಿಸಿ. ಎರಡನೇ ಸುತ್ತು ಉದ್ದ ಲೆಕ್ಕಗಳದ್ದು. ಕೊನೆಯ 25 ನಿಮಿಷ ಹೊಸ ಪ್ರಶ್ನೆ ಮುಟ್ಟಬೇಡಿ, ನ್ಯಾಟ್ ಉತ್ತರಗಳ ಯೂನಿಟ್ಟು, ದಶಮಾಂಶ, ಪ್ರಶ್ನೆಯ ಕೊನೆಯ ಸಾಲು ಇಷ್ಟನ್ನೇ ನೋಡಿ.

ಮಾಕ್ ಟೆಸ್ಟ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ವಾರಕ್ಕೊಂದು ಸಾಕು, ಆದರೆ ಮಾಕ್ ಬರೆದ ಮೂರು ಗಂಟೆಗೆ ರಿಜಿಸ್ಟರ್ ತುಂಬೋಕೆ ಇನ್ನೊಂದು ಮೂರು ಗಂಟೆ ಬೇಕು. ಅದಕ್ಕೆ ಸಮಯ ಇಲ್ಲದಿದ್ದರೆ ಆ ವಾರ ಮಾಕ್ ಬರೆಯಬೇಡಿ. ಬರೆಯೋದಾದರೆ ಪರೀಕ್ಷೆಯ ಹೊತ್ತಿನಲ್ಲೇ, ಬೆಳಿಗ್ಗೆ 9.30ಕ್ಕೆ ಅಥವಾ ಮಧ್ಯಾಹ್ನ 2.30ಕ್ಕೆ ಕೂತು ಬರೆಯಿರಿ. ಊಟ ಮಾಡಿ 2.30ಕ್ಕೆ ಕೂರೋದು ಅಭ್ಯಾಸ ಇಲ್ಲದವರಿಗೆ ದೊಡ್ಡ ಶಿಕ್ಷೆ.

ಇನ್ನೊಂದು ಸಲ ಬರೆಯಬೇಕಾ?

ಅಂಕಕ್ಕೂ ಸ್ಕೋರಿಗೂ ಇರುವ ಸಂಬಂಧ ಗೊತ್ತಿದ್ದರೆ ಇದನ್ನು ನಿರ್ಧರಿಸೋದು ಸುಲಭ. ಸ್ಕೋರು ಅಂದರೆ ನಿಮ್ಮ ಅಂಕದಿಂದ ಲೆಕ್ಕ ಹಾಕಿ ಸಾವಿರಕ್ಕೆ ಕೊಡುವ ಸಂಖ್ಯೆ. ಸಾಮಾನ್ಯ ವರ್ಗದ ಕಟಾಫ್‌ನಷ್ಟೇ (ಪಾಸಾಗೋಕೆ ಬೇಕಾದಷ್ಟೇ) ಅಂಕ ಬಂದರೆ ಸ್ಕೋರು 350, ಅತಿ ಮೇಲಿನವರ ಸರಾಸರಿ ಅಂಕಕ್ಕೆ 900. ಕಟಾಫ್ 30, ಮೇಲಿನವರ ಸರಾಸರಿ 80 ಅಂತ ಇಟ್ಟುಕೊಂಡರೆ ಒಂದೊಂದು ಅಂಕಕ್ಕೂ 11 ಸ್ಕೋರು. ಆರು ಅಂಕ ಏರಿದರೆ 66. ಯಾವ ಎನ್ಐಟಿ, ಯಾವ ಬ್ರಾಂಚ್ ಅನ್ನೋದು ಅಷ್ಟರಲ್ಲೇ ಬದಲಾಗುತ್ತದೆ. ನೀವು ಸುರತ್ಕಲ್ ಎನ್ಐಟಿ ಮೇಲೆ ಕಣ್ಣಿಟ್ಟಿದ್ದರೆ ಹಿಂದಿನ ವರ್ಷ ಅಲ್ಲಿ ನಿಮ್ಮ ವರ್ಗದಲ್ಲಿ ಸೀಟು ಎಷ್ಟು ಸ್ಕೋರಿಗೆ ನಿಂತಿತು ಅಂತ ನೋಡಿ, ಅದನ್ನು ಅಂಕಕ್ಕೆ ತಿರುಗಿಸಿ, ನಿಮ್ಮ ಹಸಿರು ನೀಲಿ ಸೇರಿಸಿದರೆ ಅಲ್ಲಿಗೆ ಮುಟ್ಟುತ್ತಾ ಅಂತ ಲೆಕ್ಕ ಹಾಕಿ. ಹಸಿರಿನಲ್ಲಿ ಅರ್ಧ ಮಾತ್ರ ವಾಪಸ್ ಬರುತ್ತದೆ ಅಂತ ಹಿಡಿಯಿರಿ. ಪೂರ್ತಿ ಯಾರಿಗೂ ಬರೋದಿಲ್ಲ. ಮುಟ್ಟೋದಿಲ್ಲ ಅಂದರೆ ಇನ್ನೊಂದು ವರ್ಷ ಕೊಡಬೇಡಿ, ಬೇರೆ ದಾರಿ ಹಿಡಿಯಿರಿ.

ಗೇಟ್ ಸ್ಕೋರು ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಈ ಸಲ ಕಡಿಮೆ ಬಂದರೂ ಹೋದ ವರ್ಷದ್ದು ಅಳಿಸಿ ಹೋಗೋದಿಲ್ಲ, ಎಂ.ಟೆಕ್ ಕೌನ್ಸೆಲಿಂಗ್‌ಗೆ ಹಳೆಯದನ್ನೇ ಕೊಡಬಹುದು. ಇದು ಗೊತ್ತಿಲ್ಲದೆ 'ಇಳಿದರೆ ಏನು ಗತಿ' ಅಂತ ಹೆದರುವವರು ಎಷ್ಟೋ ಜನ.

ನಮ್ಮವನು ಕೆಲಸ ಬಿಡಲಿಲ್ಲ. ಬೆಳಿಗ್ಗೆ ಎರಡು ಗಂಟೆ, ಭಾನುವಾರ ಇಡೀ ದಿನ. ನಾಲ್ಕನೇ ಸಲ 44 ಬಂತು. ಆಪ್ಟಿಟ್ಯೂಡ್ 11, ಗಣಿತ 8. ಫಲಿತಾಂಶದ ದಿನ ಫೋನ್ ಮಾಡಿದವನು ಅಂಕ ಹೇಳುವ ಮೊದಲು ಹೇಳಿದ್ದು, "ಅಣ್ಣ, ಈ ಸಲಾನೂ ಒಂದು ಕಡೆ ಯೂನಿಟ್ ತಪ್ಪು ಹಾಕಿದೀನಿ, ರಿಜಿಸ್ಟರ್‌ನಾಗ ಬರ್ಕೊಂಡೆ."