ರಿಚ್ಮಂಡಿನ ಡ್ರೂರೀಸ್ ಬ್ಲಫ್: ಮೊದಲು ನದಿ ನೋಡಿ, ಆಮೇಲೆ ಫಿರಂಗಿ

ಮಕ್ಕಳ ಮನೆಗೆಂದು ವರ್ಜೀನಿಯಾದ ರಿಚ್ಮಂಡಿಗೆ ಬಂದಿದ್ದೀರಾ? ಶನಿವಾರ ಎಲ್ಲಿಗೆ ಹೋಗೋಣ ಅಂತ ಮಗ ಕೇಳಿದರೆ, ಮಾಲ್ ಬೇಡ, ಡ್ರೂರೀಸ್ ಬ್ಲಫ್‌ಗೆ ಕರೆದುಕೊಂಡು ಹೋಗಪ್ಪ ಅನ್ನಿ. ಜೇಮ್ಸ್ ನದಿಯ ಎತ್ತರದ ದಂಡೆಯ ಮೇಲೆ, ಅಮೆರಿಕದ ಅಂತರ್ಯುದ್ಧದ ಕಾಲದ ಕೋಟೆ ಅದು. ನೀರಾವರಿ ಇಲಾಖೆಯಲ್ಲಿ ಸರ್ವಿಸ್ ಮುಗಿಸಿದ ನನಗೆ ಈ ದೇಶದಲ್ಲಿ ಹಿಡಿಸಿದ ಜಾಗಗಳ ಪೈಕಿ ಇದೇ ಮೊದಲನೆಯದು. ಟಿಕೆಟ್ ಇಲ್ಲ. ಜಿಪಿಎಸ್‌ನಲ್ಲಿ ಫೋರ್ಟ್ ಡಾರ್ಲಿಂಗ್ ರೋಡ್ ಅಂತ ಹಾಕಿ. ಆ ಯುದ್ಧದಲ್ಲಿ ಉತ್ತರದವರು, ಅಂದರೆ ಲಿಂಕನ್ನರ ಕಡೆಯವರು, ಈ ಕೋಟೆಯನ್ನು ಕರೆಯುತ್ತಿದ್ದದ್ದು ಫೋರ್ಟ್ ಡಾರ್ಲಿಂಗ್ ಅಂತ. ಬಾತ್‌ರೂಮಿಗೆ ಮನೆಯಲ್ಲೇ ಹೋಗಿಬನ್ನಿ, ಗಟ್ಟಿ ಶೂ ಹಾಕಿಕೊಳ್ಳಿ, ಕಾಡಿನ ದಾರಿ.

ಬಂದವರೆಲ್ಲ ಫಿರಂಗಿಯ ಪಕ್ಕ ಫೋಟೊ ತೆಗೆಸಿಕೊಂಡು ವಾಪಸ್ ಹೊರಡುತ್ತಾರೆ. ನೀವು ಸೀದಾ ನದಿ ಕಾಣುವ ಅಂಚಿಗೆ ಹೋಗಿ. ನೀರಲ್ಲಿ ತೇಲುವ ಕೊರಡೊಂದನ್ನು ಗುರುತಿಟ್ಟುಕೊಂಡು ಸ್ವಲ್ಪ ಹೊತ್ತು ನೋಡಿ. ಉಬ್ಬರದ ಹೊತ್ತಾಗಿದ್ದರೆ ಅದು ಊರಿನ ಕಡೆಗೇ, ಅಂದರೆ ಮೇಲ್ಮುಖವಾಗಿ ಹೋಗುತ್ತಿರುತ್ತದೆ! ಜೇಮ್ಸ್ ನದಿಗೆ ರಿಚ್ಮಂಡಿನ ಬಂಡೆಗಳ ತನಕ ಸಮುದ್ರದ ಉಬ್ಬರವಿಳಿತ ಇದೆ. ಅಂತರ್ಯುದ್ಧದಲ್ಲಿ ದಕ್ಷಿಣದವರ ರಾಜಧಾನಿಯಾಗಿದ್ದ ರಿಚ್ಮಂಡಿಗೆ ಅದೇ ಗಂಡಾಂತರವಾಗಿತ್ತು: ಶತ್ರುವಿನ ಹಡಗು ಊರ ಬಾಗಿಲಿಗೇ ಬರಬಹುದು. 1862ರ ಮೇ 11ರಂದು ದಕ್ಷಿಣದವರು ತಮ್ಮ ಕಬ್ಬಿಣದ ಹಡಗು 'ವರ್ಜೀನಿಯಾ'ವನ್ನು ತಾವೇ ಸಿಡಿಸಿಬಿಟ್ಟ ಮೇಲೆ ನದಿಯ ಕೆಳಭಾಗ ಕಾಯುವವರೇ ಇಲ್ಲ. ಊರಿಂದ ಏಳು ಮೈಲಿ ಕೆಳಗಿನ ಈ ತಿರುವೇ ಗತಿ.

ಈಗ ಕಣ್ಣಿಗೆ ಕಾಣದ್ದನ್ನು ಊಹಿಸಿಕೊಳ್ಳಬೇಕು. ಕೆಳಗೆ ದಡದಿಂದ ದಡಕ್ಕೆ ನದಿಯನ್ನೇ ಕಟ್ಟಿದ್ದರು. ಮರದ ಕಂಬಗಳನ್ನು ಹೊಡೆದು, ದಿಮ್ಮಿಗಳನ್ನು ಅಡ್ಡ-ಉದ್ದ ಪೇರಿಸಿದ ಪೆಟ್ಟಿಗೆಗಳಲ್ಲಿ ಕಲ್ಲು ತುಂಬಿ ಇಳಿಸಿ, ಸಾಲದ್ದಕ್ಕೆ 'ಜೇಮ್ಸ್‌ಟೌನ್' ಎಂಬ ತಮ್ಮದೇ ಹಡಗನ್ನೂ ಮುಳುಗಿಸಿದರು. ದಂಡೆ ಕೊರೆಯದಂತೆ ನಾವು ತಂತಿಬಲೆಯಲ್ಲಿ ಕಲ್ಲು ತುಂಬಿಡುತ್ತೇವಲ್ಲ, ಆ ಗೇಬಿಯನ್‌ಗೆ ಈ ಪೆಟ್ಟಿಗೆ ಅಣ್ಣ. ನೀರು ಹೋಗಬೇಕು, ಹಡಗು ನಿಲ್ಲಬೇಕು. ಕಾಪಾಡಿದ್ದು ಗುಲಾಮಗಿರಿ ಉಳಿಸಿಕೊಳ್ಳಲು ಎದ್ದವರ ಊರನ್ನು, ಅದನ್ನು ಮರೆಯುವಂತಿಲ್ಲ. ಕೆಲಸ ಮಾತ್ರ ಗಟ್ಟಿ. ಎಷ್ಟು ಗಟ್ಟಿ ಅಂದರೆ, 1865ರ ಏಪ್ರಿಲ್ 4ರಂದು, ಕೋಟೆ ಖಾಲಿಯಾದ ಮೇಲೂ, ಲಿಂಕನ್ನರ ದೊಡ್ಡ ಹಡಗು ಈ ಅಡೆತಡೆ ದಾಟಲಾಗದೆ, ಅಧ್ಯಕ್ಷರು ನಾವಿಕರು ಹುಟ್ಟುಹಾಕುವ ದೋಣಿಯಲ್ಲಿ ರಿಚ್ಮಂಡಿಗೆ ಹೋಗಬೇಕಾಯಿತು.

ಇಷ್ಟು ತಲೆಯಲ್ಲಿ ಕೂತ ಮೇಲೆ ಫಿರಂಗಿಯ ಹತ್ತಿರ ಬನ್ನಿ. ಕೊಲಂಬಿಯಾಡ್ ಎಂಬ ಭಾರೀ ಫಿರಂಗಿ. ಅದರ ಹಿಂದೆ ನಿಂತು ಕೆಳಗೆ ನೋಡಿ: ನೀರಿನಿಂದ ಸುಮಾರು 90 ಅಡಿ ಎತ್ತರ. 1862ರ ಮೇ 15ರ ಬೆಳಗ್ಗೆ ಉತ್ತರದವರ ಐದು ಹಡಗು ಬಂದವು. ತಡೆಯ ಮುಂದೆ ನಿಂತವು, ನಿಂತದ್ದಕ್ಕೇ ಪೆಟ್ಟು ತಿಂದವು. ಹೆಸರಾಂತ 'ಮಾನಿಟರ್'ಗೆ ತನ್ನ ಫಿರಂಗಿಯ ಮೂತಿಯನ್ನು ಇಷ್ಟೆತ್ತರಕ್ಕೆ ಎತ್ತಲಾಗಲಿಲ್ಲ. 'ಗಲೀನಾ'ದ ತೆಳು ಕಬ್ಬಿಣದ ಹೊದಿಕೆಗೆ ಮೇಲಿಂದ ಬಿದ್ದ ಗುಂಡು ನಲವತ್ತಕ್ಕೂ ಹೆಚ್ಚು. ಸುಮಾರು ನಾಲ್ಕು ತಾಸಿನಲ್ಲಿ ಎಲ್ಲ ಹಿಂದಕ್ಕೆ.

ವಾಪಸಾಗುವಾಗ ಕೋಟೆಯ ಬೆನ್ನಿನ ಕಡೆಯ ಮಣ್ಣಿನ ದಿಬ್ಬ, ಕಂದಕ ಬಿಡಬೇಡಿ. ನದಿಯಲ್ಲಿ ಆಗದ್ದನ್ನು 1864ರ ಮೇ ತಿಂಗಳಲ್ಲಿ ಉತ್ತರದವರ ಜನರಲ್ ಬಟ್ಲರ್ ನೆಲದ ಕಡೆಯಿಂದ ಮಾಡಹೊರಟ. ದಕ್ಷಿಣದವರ ಜನರಲ್ ಬೋರಿಗಾರ್ಡ್‌ನ ಸೈನ್ಯ ಹಿಂದಟ್ಟಿತು. ಮೊಮ್ಮಕ್ಕಳನ್ನು ದಿಬ್ಬ ಹತ್ತಲು ಬಿಡಬೇಡಿ, ಹುಲ್ಲು ಕಿತ್ತರೆ ಮಣ್ಣು ಮಳೆಗೆ ಕೊಚ್ಚಿಹೋಗುತ್ತದೆ. ಬೇಸಿಗೆಯಾದರೆ ಮನೆಗೆ ಬಂದೊಡನೆ ಕಾಲಿಗೆ ಉಣ್ಣಿ ಹತ್ತಿದೆಯಾ ನೋಡಿಕೊಳ್ಳಿ, ಸಾಕ್ಸ್ ಬಿಚ್ಚಿ.